ಬೈಬಲ್‌ನಲ್ಲಿ ಗುಲಾಮಗಿರಿ: ಆನ್‌ಲೈನ್ ಕ್ಲಾಸ್ ಮುಗಿಸಿದೆ, ನನ್ನ ರಿವ್ಯೂ

ನಾಲ್ಕು ವಾರದ ಕ್ಲಾಸು, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಬೈಬಲ್‌ನ ವಿಮೋಚನಕಾಂಡ ಪುಸ್ತಕದ 21ನೇ ಅಧ್ಯಾಯದಲ್ಲಿ ಇಬ್ರಿಯ (ಅಂದ್ರೆ ಇಸ್ರಾಯೇಲ್ ಜನಾಂಗದ) ದಾಸ 6 ವರ್ಷ ದುಡಿದು 7ನೇ ವರ್ಷ ಬಿಡುಗಡೆ ಆಗ್ತಾನೆ ಅಂತ ಗೊತ್ತಿತ್ತು, ಆದ್ರೆ ಧರ್ಮೋಪದೇಶಕಾಂಡ 15ರ ಪ್ರಕಾರ ಅವನನ್ನ ಬರಿಗೈಲಿ ಕಳಿಸೋ ಹಾಗಿಲ್ಲ, ಕುರಿ, ಧಾನ್ಯ, ದ್ರಾಕ್ಷಾರಸ ಕೊಟ್ಟೇ ಕಳಿಸ್ಬೇಕು ಅನ್ನೋದು ಇಲ್ಲೇ ತಿಳಿದಿದ್ದು. ಹೋಗಲ್ಲ ಅಂದೋನ ಕಿವಿನ ಬಾಗಿಲಿಗೆ ಒತ್ತಿ ದಬ್ಬಳದಿಂದ ಚುಚ್ತಿದ್ರಲ್ಲ, ಅದನ್ನ ಟೀಚರ್ ವಿವರಿಸಿದ್ದು ತುಂಬಾ ಚೆನ್ನಾಗಿತ್ತು. ಯಹೂದಿಗಳ ಧರ್ಮಶಾಸ್ತ್ರ ಗ್ರಂಥ ತಾಲ್ಮುಡ್‌ನಲ್ಲಂತೂ ಇಬ್ರಿಯ ದಾಸನನ್ನ ಕೊಂಡವನು ತನಗೊಬ್ಬ ಯಜಮಾನನನ್ನೇ ಕೊಂಡ ಹಾಗೆ ಅಂತ ಇದೆ! ಬೇಜಾರಾಗಿದ್ದು ಒಂದೇ, ಯಾಜಕಕಾಂಡ 25ರಲ್ಲಿ ಅನ್ಯಜನಾಂಗದ ದಾಸರನ್ನ ಮಕ್ಕಳಿಗೂ ಆಸ್ತಿಯಾಗಿ ಬಿಡಬಹುದು ಅನ್ನೋ ಮಾತನ್ನ ಹತ್ತೇ ನಿಮಿಷದಲ್ಲಿ ಮುಗಿಸಿಬಿಟ್ರು, ನಂಗೆ ಎಲ್ಲಕ್ಕಿಂತ ನೋವಾಗಿದ್ದೇ ಅದು, ಅದಕ್ಕೊಂದು ಪೂರ್ತಿ ಕ್ಲಾಸ್ ಇಡ್ಬೇಕಿತ್ತು. 4 ಸ್ಟಾರ್.