ರೇಡಿಯಾನ್ ಪಕ್ಕ ಜಿಫೋರ್ಸ್: ಫಿಸ್‌ಎಕ್ಸ್‌ಗೆಂದೇ ಎರಡನೇ ಕಾರ್ಡ್ ಹಾಕಿದವನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಫಿಸ್‌ಎಕ್ಸ್ ಅಂದರೆ ಆಟದೊಳಗಿನ ಹೊಗೆ, ಬಟ್ಟೆ, ಗಾಜಿನ ಚೂರು ನಿಜದ ಹಾಗೆ ಚಲಿಸುವಂತೆ ಲೆಕ್ಕ ಹಾಕುವ ಸಾಫ್ಟ್‌ವೇರ್. ಎಎಂಡಿಯ ರೇಡಿಯಾನ್ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿಗೆ ಇದಕ್ಕೋಸ್ಕರ ಎನ್ವಿಡಿಯಾದ ಒಂದು ಸಣ್ಣ ಜಿಫೋರ್ಸ್ ಕಾರ್ಡ್ ಹಾಕಿದರೆ ಕೆಲಸ ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಆದರೆ ಲಾಭ ಸಿಗುವುದು ಬೆರಳೆಣಿಕೆಯ ಆಟಗಳಲ್ಲಿ. ಆ ಆಟಗಳು ನಿಮಗೆ ಬೇಡವಾದರೆ ಈ ರಗಳೆಯೂ ಬೇಡ.

ನನ್ನ ಹತ್ತಿರ ಇರುವುದು ರೇಡಿಯಾನ್ ಎಚ್‌ಡಿ 5770 ಮತ್ತು ಜಿಫೋರ್ಸ್ ಜಿಟಿ 240. ಎರಡೂ 2009ರಲ್ಲಿ ಬಂದ ಕಾರ್ಡ್‌ಗಳು. ಜಿಟಿ 240 ಸಿಕ್ಕಿದ್ದು ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಹುಡುಗನೊಬ್ಬನಿಂದ, ಸೆಕೆಂಡ್‌ಹ್ಯಾಂಡ್. ಪರೀಕ್ಷೆ ಮುಗಿಯುವ ಹೊತ್ತಿಗೆ ಅಲ್ಲಿ ಒಳ್ಳೊಳ್ಳೆ ಸಾಮಾನು ಸಿಗುವುದುಂಟು. ಇದನ್ನೇ ಆರಿಸಲು ಕಾರಣ ಉಂಟು. ಪವರ್ ಸಪ್ಲೈಯಿಂದ ಬೇರೆ ಕೇಬಲ್ ಎಳೆಯಬೇಕಾಗಿಲ್ಲ, ಸ್ಲಾಟಿನಿಂದ ಬರುವ ಕರೆಂಟೇ ಸಾಕು. ಎಷ್ಟು ದುಡಿಸಿದರೂ 69 ವ್ಯಾಟ್. ಫಿಸ್‌ಎಕ್ಸ್‌ಗೆ ಕನಿಷ್ಠ 32 ಕೋರ್, 256 ಎಂಬಿ ಮೆಮೊರಿ ಇರಬೇಕು ಅಂತ ಎನ್ವಿಡಿಯಾ ಹೇಳುತ್ತಿತ್ತು. ಇದರಲ್ಲಿ 96 ಕೋರ್ ಉಂಟು.

ಇಷ್ಟೆಲ್ಲ ಸಲಕರಣೆ ಸರಿ ಇದ್ದೂ ಎರಡು ಕಾರ್ಡ್ ಯಾಕೆ ಸುಮ್ನೆ ಕೂಡಿ ಬಾಳುವುದಿಲ್ಲ? ಅಡ್ಡ ಬರುವುದು ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್. ಫಿಸ್‌ಎಕ್ಸ್ ಮೊದಲು ಅಜಿಯಾ ಎಂಬ ಕಂಪನಿಯದ್ದು. 2006ರಲ್ಲಿ ಅವರು ಇದಕ್ಕೆಂದೇ ಬೇರೆ ಕಾರ್ಡ್ ಮಾರುತ್ತಿದ್ದರು. 2008ರಲ್ಲಿ ಎನ್ವಿಡಿಯಾ ಆ ಕಂಪನಿಯನ್ನೇ ಕೊಂಡುಕೊಂಡು, ಕೆಲಸವನ್ನು ಜಿಫೋರ್ಸ್ ಕಾರ್ಡ್‌ಗಳಿಗೆ ವಹಿಸಿತು. ವಿಂಡೋಸ್ ವಿಸ್ಟಾದಲ್ಲಿ ಎರಡು ಬ್ರ್ಯಾಂಡಿನ ಡಿಸ್‌ಪ್ಲೇ ಡ್ರೈವರ್ ಒಟ್ಟಿಗೆ ನಡೆಯುತ್ತಿರಲಿಲ್ಲ. ವಿಂಡೋಸ್ 7ರಲ್ಲಿ ಆ ತಡೆ ಹೋಯಿತು. ಅಷ್ಟರಲ್ಲಿ, 2009ರಲ್ಲಿ, 186ನೇ ಸರಣಿಯ ಡ್ರೈವರಿನಿಂದ ಎನ್ವಿಡಿಯಾವೇ ಬಾಗಿಲು ಹಾಕಿತು. ಚಿತ್ರ ತೋರಿಸುವುದು ಬೇರೆ ಬ್ರ್ಯಾಂಡಿನ ಕಾರ್ಡ್ ಅಂತ ಗೊತ್ತಾದರೆ ಫಿಸ್‌ಎಕ್ಸ್ ಬಂದ್. ಪರೀಕ್ಷೆ ಮಾಡುವ ಖರ್ಚು, ವ್ಯಾಪಾರದ ಕಾರಣ ಅಂತ ಸಮಜಾಯಿಷಿ ಬಂತು. ತಮಾಷೆ ಅಂದರೆ 2010ರ 257.15 ಬೀಟಾ ಡ್ರೈವರಿನಲ್ಲಿ ಈ ಬೀಗ ಇರಲೇ ಇಲ್ಲ. ಆಮೇಲೆ ಅದನ್ನು ಬಗ್ ಅಂದರು! ತಾಂತ್ರಿಕವಾಗಿ ಆಗದ ಕೆಲಸ ಏನೂ ಆಗಿರಲಿಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ? ಉಳಿದ ಡ್ರೈವರ್‌ಗಳಿಗೆ ಜೆನ್‌ಎಲ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರ ಪ್ಯಾಚ್, ಅಂದರೆ ಈ ಬೀಗ ತೆಗೆಯುವ ಸಣ್ಣ ಪ್ರೋಗ್ರಾಮ್, ಬೇಕು. ನನ್ನದು ನಡೆಯುತ್ತಿರುವುದು ಅದರ ಮೇಲೆಯೇ.

ಈಗ ಆಟಗಳ ಮಾತು. ವ್ಯತ್ಯಾಸ ಎದ್ದು ಕಾಣುವುದು ಬ್ಯಾಟ್‌ಮನ್ ಅರ್ಕಮ್ ಅಸೈಲಮ್‌ನಲ್ಲಿ. ನಡೆದರೆ ನೆಲದ ಮೇಲಿನ ಕಾಗದ ಹಾರುತ್ತದೆ, ಹೊಗೆ ಕಾಲಿನ ಸುತ್ತ ಸರಿಯುತ್ತದೆ. ಫಿಸ್‌ಎಕ್ಸ್ ತೆಗೆದು ಆಡಿದರೆ ಅದೇ ಕೋಣೆ ಈಗಷ್ಟೇ ಗುಡಿಸಿಟ್ಟ ಹಾಗೆ ಖಾಲಿ ಖಾಲಿ. ಮಿರರ್ಸ್ ಎಡ್ಜ್‌ನಲ್ಲಿ ಗುಂಡು ತಾಗಿದ ಗಾಜು ಚೂರುಚೂರಾಗಿ ಸುರಿಯುತ್ತದೆ, ಪ್ಲಾಸ್ಟಿಕ್ ಹಾಳೆ ಹರಿದು ಜೋತಾಡುತ್ತದೆ. ರೇಡಿಯಾನ್ ಒಂದೇ ಇದ್ದಾಗ ಈ ಲೆಕ್ಕವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಗಾಜು ಒಡೆದದ್ದೇ ಆಟ ತೆವಳಲು ಶುರು. ಅದರಲ್ಲಿ ಪ್ರೊಸೆಸರಿನ ತಪ್ಪು ಅಷ್ಟೇನಿಲ್ಲ. ಆಗಿನ ಫಿಸ್‌ಎಕ್ಸ್ ಬಹುಪಾಲು ಎಕ್ಸ್87 ಎಂಬ ಹಳೇ ಕಾಲದ ಸೂಚನೆಗಳನ್ನೇ ಬಳಸುತ್ತಿತ್ತು ಅಂತ 2010ರಲ್ಲಿ ಡೇವಿಡ್ ಕ್ಯಾಂಟರ್ ಅಳೆದು ತೋರಿಸಿದ್ದರು. ಜಿಟಿ 240 ಸೇರಿದ ಮೇಲೆ ಆ ದೃಶ್ಯಗಳಲ್ಲಿ ತಡವರಿಕೆ ಇಲ್ಲ. ಒಂದು ಮಾತು ನೆನಪಿಡಿ: ಮಿರರ್ಸ್ ಎಡ್ಜ್ ತನ್ನದೇ ಹಳೆಯ ಫಿಸ್‌ಎಕ್ಸ್ ಡಿಎಲ್‌ಎಲ್ ಫೈಲುಗಳನ್ನು ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ಅವನ್ನು ಬೇರೆ ಕಡೆ ಎತ್ತಿಟ್ಟರೆ ಮಾತ್ರ ಸಿಸ್ಟಮ್‌ನಲ್ಲಿರುವ ಹೊಸದನ್ನು ಹಿಡಿಯುತ್ತದೆ. ಮಾಫಿಯಾ 2 ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೋಟು ಗಾಳಿಗೆ ಆಡುವುದು ಚೆಂದವೇ, ಆದರೆ ಈ ಕಾರ್ಡಿಗೆ ಅದು ಭಾರ.

ತಲೆನೋವು ಇಲ್ಲವೆಂದಲ್ಲ. ವಿಂಡೋಸ್ 7ರಲ್ಲಿ ಜಿಫೋರ್ಸ್‌ಗೆ ಮಾನಿಟರ್ ಜೋಡಿಸಿದಂತೆ ನಂಬಿಸಬೇಕು. ಇಲ್ಲದ ವಿಜಿಎ ಪರದೆಯೊಂದನ್ನು ಉಂಟು ಅಂತ ತೋರಿಸಿ, ಡೆಸ್ಕ್‌ಟಾಪನ್ನು ಅದರ ಮೇಲೂ ಹರಡಬೇಕು. ಮೌಸಿನ ಬಾಣ ಆ ಕಾಣದ ಪರದೆಗೆ ಜಾರಿಕೊಳ್ಳುತ್ತದೆ. "ಅಣ್ಣ, ಇದರ ಬಾಣ ಎಲ್ಲಿಗೆ ಹೋಯ್ತು?" ಅಂತ ತಮ್ಮ ಈಗಲೂ ಕರೆಯುತ್ತಾನೆ. ಇನ್ನು ಡ್ರೈವರ್ ಬದಲಾದರೆ ಪ್ಯಾಚ್ ಮತ್ತೆ ಹಾಕಬೇಕು. ಆದ್ದರಿಂದ ಅಪ್‌ಡೇಟ್ ಪೂರ್ತಿ ನಿಲ್ಲಿಸಿದ್ದೇನೆ, ನೆಟ್ ಕೇಬಲ್ಲೂ ಕಿತ್ತಿದ್ದೇನೆ. ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ 2024ರ ಜನವರಿಯಿಂದ ವಿಂಡೋಸ್ 7 ಕೈಬಿಟ್ಟಿದೆ. ಗಾಗ್ ಎಂಬ ಇನ್ನೊಂದು ಅಂಗಡಿಯಿಂದ ತೆಗೆದುಕೊಂಡ ಪ್ರತಿಗಳಿಗೆ ಆ ಹಂಗಿಲ್ಲ.

ನಮ್ಮ ಮನೆ ಮಲ್ಪೆ ಕಡೆ. ಉಪ್ಪು ಗಾಳಿಗೆ ಎರಡೂ ಕಾರ್ಡಿನ ಬ್ರ್ಯಾಕೆಟ್‌ಗೆ ತುಕ್ಕು ಹಿಡಿದಿದೆ. ಮಳೆಗಾಲದಲ್ಲಿ ಯಂತ್ರವನ್ನು ತಿಂಗಳುಗಟ್ಟಲೆ ಹಾಗೇ ಬಿಡಬೇಡಿ, ಆಗಾಗ ಸ್ವಲ್ಪ ಹೊತ್ತು ಆನ್ ಮಾಡಿ. ಗುಡುಗು ಶುರುವಾದರೆ ಪ್ಲಗ್ ಕೀಳುವುದು ಹೇಗೂ ಅಭ್ಯಾಸ. ಏಪ್ರಿಲ್, ಮೇ ಸೆಕೆಯಲ್ಲಿ ಎರಡು ಕಾರ್ಡ್ ಅಂಟಿಕೊಂಡಂತೆ ಇದ್ದರೆ ಮೇಲಿನದಕ್ಕೆ ಉಸಿರಾಡಲು ಜಾಗ ಇರುವುದಿಲ್ಲ. ಸ್ಲಾಟುಗಳ ನಡುವೆ ಅಂತರ ಇರುವ ಮದರ್‌ಬೋರ್ಡ್ ಆದರೆ ಮಾತ್ರ ಈ ಸಾಹಸ ಮಾಡಿ.

2025ರಲ್ಲಿ ಇನ್ನೊಂದು ವಿಚಿತ್ರ ಆಯಿತು. ಎನ್ವಿಡಿಯಾದವರು ಆರ್‌ಟಿಎಕ್ಸ್ 50 ಸರಣಿಯಲ್ಲಿ 32 ಬಿಟ್ ಕ್ಯೂಡಾ ತೆಗೆದುಹಾಕಿದರು. ಹಳೆಯ ಆಟಗಳ ಫಿಸ್‌ಎಕ್ಸ್ ಕಾರ್ಡಿನ ಮೇಲೆ ನಡೆಯಲು ಅದೇ ಆಧಾರ. ಇದೇ ಹಳೆಯ ಆಟಗಳು ಎನ್ವಿಡಿಯಾದ ಹೊಚ್ಚ ಹೊಸ ಕಾರ್ಡಿನಲ್ಲೇ ಒದ್ದಾಡಿದವು. ಆ ಕಾರ್ಡ್ ಕೊಂಡ ಕೆಲವರು ಪಕ್ಕದಲ್ಲಿ ಹಳೇ ಜಿಫೋರ್ಸ್ ಹಾಕಿಕೊಂಡರು. ಡಿಸೆಂಬರ್‌ನ ಡ್ರೈವರಿನಲ್ಲಿ ಆಯ್ದ ಕೆಲವು ಆಟಗಳಿಗೆ ಫಿಸ್‌ಎಕ್ಸ್ ವಾಪಸ್ ಕೊಟ್ಟಿದ್ದಾರೆ.

5ರಲ್ಲಿ ಮೂರೂವರೆ ಕೊಡುತ್ತೇನೆ. ಆಟ ಆಡುವಾಗಿನ ಸುಖಕ್ಕೆ ನಾಲ್ಕೂವರೆ ಕೊಡಬಹುದಿತ್ತು, ಒಂದನ್ನು ಪ್ಯಾಚಿನ ಕಾಟಕ್ಕೆ ಕಳೆದೆ. ಮನೆಯಲ್ಲಿ ಹಳೇ ರೇಡಿಯಾನ್ ಮತ್ತು ವಿಂಡೋಸ್ 7 ಯಂತ್ರ ಬಿದ್ದಿದ್ದರೆ ಪ್ರಯತ್ನಿಸಿ. ಸೆಕೆಂಡ್‌ಹ್ಯಾಂಡ್ ಕಾರ್ಡ್ ತರುವಾಗ ಫ್ಯಾನ್ ಕೈಯಲ್ಲಿ ತಿರುಗಿಸಿ ನೋಡಿ. ಕರಕರ ಅಂದರೆ ಅಲ್ಲೇ ಬಿಟ್ಟು ಬನ್ನಿ.