ಹೊಳೆ ನೀರು ಪರೀಕ್ಷೆ ಕಿಟ್: ಪೆನ್ನು ದಂಡ, ಸೀಸೆಗೆ ಕೊಟ್ಟ ದುಡ್ಡು ಸಾರ್ಥಕ

ಶ್ರೀರಂಗಪಟ್ಟಣದ ಹೈಸ್ಕೂಲಲ್ಲಿ ನಾನು ವಿಜ್ಞಾನದ ಮೇಡಂ. ಪಶ್ಚಿಮವಾಹಿನಿಯಿಂದ ಸಂಗಮದವರೆಗೆ ಕಾವೇರಿ ಹೊಳೆ ಎಲ್ಲೆಲ್ಲಿ ಕೆಟ್ಟಿದೆ ಅಂತ ಮಕ್ಕಳೇ ನೋಡಲಿ ಎಂದು ಆನ್‌ಲೈನಲ್ಲಿ ಈ ಕಿಟ್ ತರಿಸಿದೆ. ಬೆಲೆ 2,800 ರೂಪಾಯಿ.

ಜಾಹೀರಾತಲ್ಲಿ ದೊಡ್ಡದಾಗಿ ಕಾಣೋದು ಟಿಡಿಎಸ್ ಪೆನ್ನು. ಹೊಳೆ ಕೆಲಸಕ್ಕೆ ಅದು ದಂಡ. ನೀರಲ್ಲಿ ಕರಗಿದ ಲವಣ ಎಷ್ಟಿದೆ ಅಂತಷ್ಟೇ ಹೇಳುತ್ತೆ. ಮೋರಿ ನೀರು ಬಂದು ಸೇರುವ ಕಡೆ ಅದ್ದಿದರೂ 500 ದಾಟಲಿಲ್ಲ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಸರಿ. "ಹಾಗಾದ್ರೆ ಕುಡೀಬಹುದಾ ಮಿಸ್?" ಅಂದ ಒಬ್ಬ. ಖಂಡಿತ ಬೇಡ, ಈ ಪೆನ್ನಿಗೆ ರೋಗಾಣು ಕಾಣೋದೇ ಇಲ್ಲ. ನಮ್ಮ ಮನೆ ಬೋರ್‌ವೆಲ್ ನೀರಿಗೆ ಇದೇ ಪೆನ್ನು ಇನ್ನೂ ಜಾಸ್ತಿ ತೋರಿಸುತ್ತೆ!

ಅಸಲಿ ಮಾಲು ಎಚ್‌ಟುಎಸ್ ಸೀಸೆ, ಅಂದ್ರೆ ಬ್ಯಾಕ್ಟೀರಿಯಾದಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟಿದರೆ ಕಪ್ಪಾಗುವ ಸೀಸೆ. ತಳದ ಕೆಸರು ಕಲಕದೆ ಗೆರೆವರೆಗೆ ನೀರು ತುಂಬಿ, ಬೆಚ್ಚಗಿರುವ ಕಡೆ 24ರಿಂದ 48 ಗಂಟೆ ಇಡಬೇಕು. ಕಪ್ಪಾದರೆ ಮಲದ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಹೆಚ್ಚು. ಸ್ನಾನಘಟ್ಟದ ಕೆಳಗಡೆ ತುಂಬಿದ ಸೀಸೆ ಮಾರನೇ ದಿನವೇ ಇದ್ದಿಲಿನ ಹಾಗೆ ಕಪ್ಪಾಗಿತ್ತು. ಮುಟ್ಟಿದ ಹುಡುಗಿ ಎರಡು ಸಲ ಕೈ ತೊಳೆದಳು. ಆದರೆ ಇದು ಇದೆ-ಇಲ್ಲ ಅಂತಷ್ಟೇ ಹೇಳುತ್ತೆ. ಸ್ನಾನದ ನೀರಿಗೆ 100 ಮಿಲಿಲೀಟರಿನಲ್ಲಿ ಒಟ್ಟು ಕೋಲಿಫಾರ್ಮ್ (ಮಲದಲ್ಲೂ ಇರುವ ಒಂದು ಬ್ಯಾಕ್ಟೀರಿಯಾ ಗುಂಪು) 500 ಮೀರಬಾರದು ಅನ್ನೋದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕ. ಆ ಸಂಖ್ಯೆ ಬೇಕಂದ್ರೆ ಲ್ಯಾಬಿಗೇ ಹೋಗಬೇಕು.

ಕರಗಿದ ಆಮ್ಲಜನಕದ ಪರೀಕ್ಷೆ ನೋಡೋಕೇ ಚೆಂದ. ಗುಳ್ಳೆ ಉಳಿಯದ ಹಾಗೆ ಬಾಟಲಿ ತುಂಬಿ ಎರಡು ದ್ರಾವಣ ಹಾಕಿದರೆ ಕಂದು ಗಸಿ ಇಳಿಯುತ್ತೆ. ಆಮ್ಲಜನಕವೇ ಇಲ್ಲದಿದ್ದರೆ ಗಸಿ ಬಿಳಿ. ಆಮ್ಲ ಹಾಕಿದಾಗ ಹಳದಿ, ಪಿಷ್ಟ ಹಾಕಿದಾಗ ನೀಲಿ. ಆ ನೀಲಿ ಹೋಗುವ ತನಕ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಎಣಿಸಬೇಕು; ಆ ಲೆಕ್ಕದಿಂದ ಆಮ್ಲಜನಕ ಎಷ್ಟಿದೆ ಅಂತ ಸಿಗುತ್ತೆ. ಸ್ನಾನಕ್ಕೆ ಲೀಟರಿಗೆ 5 ಮಿಲಿಗ್ರಾಂ ಆದರೂ ಇರಬೇಕು. ಹರಿಯುವ ಕಡೆ ಪಾಸಾಯಿತು, ಜೊಂಡಿನ ನಡುವೆ ನಿಂತ ನೀರು ಫೇಲು. ಆಮ್ಲ ಚರ್ಮ ಸುಡುವಂಥದ್ದು, ಮಕ್ಕಳ ಕೈಗೆ ಕೊಡಬೇಡಿ. ಇಷ್ಟಿದ್ದೂ ಡಬ್ಬದಲ್ಲಿ ಇರೋದು ಒಂದೇ ಜೊತೆ ಗ್ಲೌಸು. ಸೂಚನೆ ಪೂರ್ತಿ ಇಂಗ್ಲಿಷು, ಅಕ್ಷರವೋ ಇರುವೆ ಸಾಲು. ಕನ್ನಡದ್ದು ಕಳಿಸಿ ಅಂತ ಕಂಪನಿಗೆ ಬರೆದೆ, ಉತ್ತರ ಇಲ್ಲ.

ದಡದ ವಿಷಯಕ್ಕೆ ಕಿಟ್ಟಿನಲ್ಲಿ ಏನೂ ಇಲ್ಲ. ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟು ಇಳಿದ ಮೇಲೆ ಬನ್ನಿ, ನೋಡಿ. ಆಳೆತ್ತರದ ಕೊಂಬೆಗಳಲ್ಲಿ ಸೀರೆ, ಪಂಚೆ, ಡೈಪರು ಜೋತಾಡುತ್ತಿರುತ್ತವೆ. ಅಸ್ಥಿ ಬಿಡೋಕೆ ಬಂದವರು ಬಟ್ಟೆಯನ್ನೂ ಹೊಳೆಗೇ ಬಿಟ್ಟು ಹೋಗ್ತಾರೆ, ಅಲ್ವಾ? ನಾವು ಹಗ್ಗ ಹಿಡಿದು ಚೌಕ ಮಾಡಿ, ಅದರೊಳಗಿನ ಕಸ ಬಗೆಬಗೆಯಾಗಿ ಎಣಿಸಿದೆವು. ಶಾಂಪೂ ಸ್ಯಾಶೆಯದ್ದೇ ದರ್ಬಾರು.

ಐದಕ್ಕೆ ಮೂರು ಸ್ಟಾರ್. ಶಾಲೆಗಳಿಗೆ ನನ್ನ ಸಲಹೆ: ಪೂರ್ತಿ ಕಿಟ್ ಬೇಡ, ಸೀಸೆಗಳು ಬಿಡಿಯಾಗಿಯೂ ಸಿಗುತ್ತವೆ, ಅವನ್ನೇ ತರಿಸಿ. ಅವಧಿ ಮುಗಿಯುವ ತಾರೀಕು ಮಾತ್ರ ಮೊದಲೇ ಕೇಳಿ.