ಬಡಿದ ಕಂಚೋ, ಎರಕದ ಹಿತ್ತಾಳೆಯೋ?

ಕಠ್ಮಂಡುವಿನ ತಮೇಲ್ ಅಂಗಡಿಗಳಲ್ಲಿ ಸಿಂಗಿಂಗ್ ಬೌಲ್, ಅಂದರೆ ತಟ್ಟಿದರೆ ನಾದ ಹೊಮ್ಮಿಸುವ ಲೋಹದ ಬಟ್ಟಲು, ಕೇಳಿದರೆ ಎರಡು ಥರದ ಬಟ್ಟಲು ಮುಂದಿಡುತ್ತಾರೆ. ಒಂದು ಸುತ್ತಿಗೆಯಲ್ಲಿ ಬಡಿದು ಮಾಡಿದ ಕಂಚಿನದು. ಇನ್ನೊಂದು ಹಿತ್ತಾಳೆ ಎರಕ ಹೊಯ್ದು ಲೇತ್‌ನಲ್ಲಿ ನುಣುಪು ಮಾಡಿದ್ದು. ಎರಡನ್ನೂ ತಂದು ಎರಡು ವರ್ಷ ಬಳಸಿದ್ದೇನೆ.

ನೋಡೋಕೆ ಹಿತ್ತಾಳೆಯದೇ ಚೆಂದ. ಥಳಥಳ ಹೊಳಪು, ಸುತ್ತಲೂ ಟಿಬೆಟನ್ ಲಿಪಿಯ ಮಂತ್ರ, ತಳದಲ್ಲಿ ತಾವರೆ. ಬೆಲೆ 1,600 ನೇಪಾಳಿ ರೂಪಾಯಿ, ನಮ್ಮ ದುಡ್ಡಲ್ಲಿ ಸಾವಿರ. ಕಂಚಿನದನ್ನು ತೂಕ ಹಾಕಿ ಕೊಟ್ಟರು. 800 ಗ್ರಾಂಗೆ 4,800 ನೇಪಾಳಿ ರೂಪಾಯಿ. ಮಂಕು ಬಣ್ಣ, ಮೈತುಂಬ ಏಟಿನ ಗುರುತು, ಅಂಚು ಕೂಡ ಒಂದೇ ಸಮ ಇಲ್ಲ.

ಆದರೆ ಅಂಗೈ ಮೇಲಿಟ್ಟು ಒಂದು ಸಲ ತಟ್ಟಿ ನೋಡಿ. ಹಿತ್ತಾಳೆ ಟಿಣ್ ಎಂದು ಸುಮಾರು 20 ಸೆಕೆಂಡಿಗೆ ಸುಮ್ಮನಾಗುತ್ತದೆ. ಕಂಚು ನಿಮಿಷದವರೆಗೂ ಗುಂಯ್ ಅನ್ನುತ್ತಲೇ ಇರುತ್ತದೆ. ಕಂಚಿನ ಕಂಠ ಅಂತ ನಾವು ಸುಮ್ನೆ ಹೇಳಲ್ಲ, ಅಲ್ವಾ? ಇನ್ನೂ ಕಿವಿಗೊಟ್ಟರೆ ದನಿ ಅಲೆಯಲೆಯಾಗಿ ಏರಿಳಿಯುವುದು ಗೊತ್ತಾಗುತ್ತದೆ. ಕೈಯಲ್ಲಿ ಬಡಿದ ಬಟ್ಟಲು ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಹಾಗಾಗಿ ತುಸುವೇ ಬೇರೆಯಾದ ಎರಡು ಸ್ವರ ಒಟ್ಟಿಗೆ ಹೊರಟು ಒಂದಕ್ಕೊಂದು ತಾಗುತ್ತವೆ. ಆ ಅಂಕುಡೊಂಕಿನಲ್ಲೇ ಅದರ ಇಂಪು ಇರೋದು.

ಮಾರುವವರು 'ಏಳು ಲೋಹ' ಬೆರೆಸಿದ್ದು ಅನ್ನುತ್ತಾರೆ. ಆ ಮಾತಿಗೆ ಜಾಸ್ತಿ ದುಡ್ಡು ಕೊಡಬೇಡಿ. ಹಳೆಯ ಬಟ್ಟಲುಗಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಮುಖ್ಯವಾಗಿ ತಾಮ್ರ ಮತ್ತು ತವರ. ತವರ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಇಷ್ಟು ತವರ ಬೆರೆತ ಕಂಚನ್ನು ತಣ್ಣಗಿರುವಾಗ ಬಡಿದರೆ ಸೀಳಿಬಿಡುತ್ತದೆ. ಅದಕ್ಕೇ ಕೆಂಪಗೆ ಕಾಯಿಸಿ, ಒಬ್ಬರು ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತಿದ್ದರೆ ಉಳಿದವರು ಸರದಿಯ ಮೇಲೆ ಬಡಿಯುತ್ತಾರೆ. ಆರುವ ಮುಂಚೆ ಮತ್ತೆ ಒಲೆಗೆ.

ಕಂಚಿನ ಕಷ್ಟವೂ ಅಲ್ಲೇ ಇದೆ. ನನ್ನ ಮೊದಲ ಬಟ್ಟಲು ಕಪಾಟಿನಿಂದ ಬಿತ್ತು. ನೋಡಿದರೆ ಏನೂ ಆಗಿರಲಿಲ್ಲ. ತಟ್ಟಿದಾಗ ಜರ್ ಅಂದಿತು. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ತುಂಬಾ ಸಂಕಟವಾಯಿತು. ಹಿತ್ತಾಳೆಯದು ಎಷ್ಟೋ ಸಲ ಬಿದ್ದಿದೆ, ಒಂದು ಕಡೆ ನೆಗ್ಗಿದೆ, ದನಿ ಮಾತ್ರ ಹಾಗೇ ಇದೆ. ಅಂಚಿಗೆ ಕೋಲು ಸವರಿ ನಾದ ಬರಿಸಲು ಕಲಿಯುವವರಿಗೂ ಅದೇ ಸುಲಭ.

ಆದರೂ ಮುಂದಿನ ಸಲ ಕಠ್ಮಂಡು ಪಕ್ಕದ ಪಾಟನ್‌ಗೆ ಹೋದಾಗ ಮತ್ತೆ ಕಂಚಿನದನ್ನೇ ಕೊಂಡೆ. ಒಳಗೂ ಏಟಿನ ಗುರುತಿದೆಯಾ ಅಂತ ಬೆರಳಾಡಿಸಿ ನೋಡಿದೆ, ಯಾಕೆಂದರೆ ಎರಕದ ಬಟ್ಟಲಿನ ಹೊರಮೈಗೆ ಬರೀ ಗುಳಿ ಒತ್ತಿ ಮಾರುವುದೂ ಉಂಟು. ಹತ್ತಾರು ಬಟ್ಟಲು ತಟ್ಟಿ, ದನಿ ಹಿಡಿಸಿದ್ದನ್ನು ಆರಿಸಿದೆ. ಕಪಾಟಿಗೆ ಮಾತ್ರ ಏರಿಸಿಲ್ಲ. ನೆಲದ ಮೇಲೆ, ಹಳೆ ಸೀರೆಯ ಸಿಂಬಿಯಲ್ಲಿ ಕೂರಿಸಿದ್ದೇನೆ.